ಮಾತ್ರೆ ಅರ್ಧ ಮಾಡಿದರೆ ಪರಿಣಾಮ ಅರ್ಧ ಆಗಲ್ಲ

ಖಿನ್ನತೆಗೆ ಮಾತ್ರೆ ತಗೊಳ್ಳೋರಿಗೆ ಸುತ್ತಮುತ್ತಲಿನವರಿಂದ ಎರಡು ಮಾತು ಗ್ಯಾರಂಟಿ. ಮೊದಲು, ‘ಇನ್ನೂ ಎಷ್ಟು ದಿನ ನುಂಗ್ತೀಯ, ಬಿಟ್ಟುಬಿಡು’. ಬಿಟ್ಟ ಮೂರನೇ ದಿನ ತಲೆ ಸುತ್ತಿ, ನಿದ್ದೆ ಕೆಟ್ಟು, ಸುಮ್‌ಸುಮ್ನೆ ಅಳು ಬಂದಾಗ, ‘ನೋಡ್ದ್ಯಾ, ಕಾಯಿಲೆ ವಾಪಸ್ ಬಂತು’. ಎರಡೂ ತಪ್ಪಿರಬಹುದು.

ಎಸಿಟಲೋಪ್ರಾಮ್, ಸರ್ಟ್ರಾಲಿನ್‌ನಂಥ ಔಷಧಗಳು ಮಿದುಳಿನಲ್ಲಿ ಸೆರೊಟೋನಿನ್ ಅನ್ನು ವಾಪಸ್ ಹೀರಿಕೊಳ್ಳುವ ಟ್ರಾನ್ಸ್‌ಪೋರ್ಟರ್‌ಗಳನ್ನು ತಡೆಯುತ್ತವೆ. ತಿಂಗಳುಗಟ್ಟಲೆ ತಗೊಂಡಾಗ ಮಿದುಳು ಆ ಸ್ಥಿತಿಗೆ ಒಗ್ಗಿಕೊಳ್ಳುತ್ತೆ. ದಿಢೀರ್ ನಿಲ್ಲಿಸಿದರೆ ಮತ್ತೆ ಹೊಂದಿಕೊಳ್ಳೋಕೆ ಅದಕ್ಕೆ ಟೈಮ್ ಸಿಗಲ್ಲ. ಅದೇ ವಿತ್‌ಡ್ರಾಯಲ್. ಇದು ಚಟವೂ ಅಲ್ಲ, ಮನೋಬಲದ ಕೊರತೆಯೂ ಅಲ್ಲ.

ಇಲ್ಲೊಂದು ಗಣಿತ ಇದೆ. ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ 2019ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ವಿವರಿಸಿದಂತೆ, ಡೋಸ್ ಮತ್ತು ಪರಿಣಾಮದ ಸಂಬಂಧ ನೇರ ರೇಖೆಯಲ್ಲ. ಸಿಟಲೋಪ್ರಾಮ್ 40 ಮಿ.ಗ್ರಾಂ ಸುಮಾರು ಶೇ. 86ರಷ್ಟು ಟ್ರಾನ್ಸ್‌ಪೋರ್ಟರ್‌ಗಳನ್ನು ಹಿಡಿದಿಡುತ್ತೆ. 20ಕ್ಕೆ ಇಳಿಸಿದರೂ ಅದು ಸುಮಾರು ಶೇ. 80. ಐದರ ಆಸುಪಾಸಿನಲ್ಲೂ ಹತ್ತಿರಹತ್ತಿರ ಶೇ. 60. ಅಂದರೆ 40ರಿಂದ 20ಕ್ಕೆ ಬರೋದು ಮೆಟ್ಟಿಲು ಇಳಿದಂತೆ, ಐದರಿಂದ ಸೊನ್ನೆಗೆ ಬರೋದು ಮಾಳಿಗೆಯಿಂದ ಜಿಗಿದಂತೆ. ಅದಕ್ಕೇ ಡೋಸ್ ಕಮ್ಮಿಯಾದಷ್ಟೂ ಇಳಿಸುವ ಹೆಜ್ಜೆಯೂ ಚಿಕ್ಕದಾಗಬೇಕು.

ಹಾಗಂತ ಎಲ್ಲರೂ ಹೆದರಬೇಕಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2024ರ ವಿಶ್ಲೇಷಣೆಯಲ್ಲಿ, ಔಷಧ ಬಿಟ್ಟವರಲ್ಲಿ ಸುಮಾರು ಶೇ. 31 ಮಂದಿಗೆ ಲಕ್ಷಣಗಳು ಕಂಡಿದ್ದವು. ಖಾಲಿ ಮಾತ್ರೆ ಬಿಟ್ಟವರಲ್ಲೂ ಶೇ. 17 ಮಂದಿಗೆ ಕಂಡಿದ್ದವು. ತೀವ್ರ ತೊಂದರೆ ಆಗಿದ್ದು ಸುಮಾರು 35 ಜನರಲ್ಲಿ ಒಬ್ಬರಿಗೆ.

ವಿತ್‌ಡ್ರಾಯಲ್ಲೋ ಕಾಯಿಲೆಯೋ ಅಂತ ಗುರುತಿಸೋಕೆ ಸುಳಿವುಗಳಿವೆ. ಡೋಸ್ ಇಳಿಸಿದ ಕೆಲವೇ ದಿನಗಳಲ್ಲಿ ಶುರುವಾಗಿ, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ, ತಲೆಸುತ್ತು, ವಾಕರಿಕೆಯಂಥ ಹೊಸ ಲಕ್ಷಣಗಳಿದ್ದು, ಹಳೆ ಡೋಸ್‌ಗೆ ಮರಳಿದಾಗ ಬೇಗ ತಗ್ಗಿದರೆ ವಿತ್‌ಡ್ರಾಯಲ್ ಇರಬಹುದು. ಕಾಯಿಲೆ ಮರುಕಳಿಸೋದು ಸಾಮಾನ್ಯವಾಗಿ ವಾರ, ತಿಂಗಳುಗಳಲ್ಲಿ, ನಿಧಾನವಾಗಿ. ಅದೂ ನಿಜವಾದ ಅಪಾಯವೇ. 2021ರ ಬ್ರಿಟಿಷ್ ಪ್ರಯೋಗವೊಂದರಲ್ಲಿ, ದೀರ್ಘಕಾಲ ಮಾತ್ರೆ ತಗೊಂಡು ಚೆನ್ನಾಗಿದ್ದವರ ಪೈಕಿ, ಬಿಟ್ಟವರಲ್ಲಿ ಶೇ. 56 ಮಂದಿಗೆ ವರ್ಷದೊಳಗೆ ಖಿನ್ನತೆ ಮರಳಿತು. ಮುಂದುವರಿಸಿದವರಲ್ಲಿ ಇದು ಶೇ. 39.

ಹಾಗಾದ್ರೆ ಏನು ಮಾಡೋದು? ವೈದ್ಯರ ಜೊತೆ ಪ್ಲ್ಯಾನ್ ಮಾಡಿ. ಪರೀಕ್ಷೆ, ಹೊಸ ಕೆಲಸ, ಮನೆ ಬದಲಾವಣೆಯ ಸಮಯ ಬೇಡ. ಲಕ್ಷಣಗಳನ್ನು ದಿನವೂ ಬರೆದಿಡಿ. ಹೆಚ್ಚಾದರೆ ಹಿಂದಿನ ಡೋಸ್‌ಗೆ ಮರಳೋ ಬಗ್ಗೆ ಕೇಳಿ, ಅದು ಸೋಲಲ್ಲ. ನಿಮ್ಮಷ್ಟಕ್ಕೆ ದಿನ ಬಿಟ್ಟು ದಿನ ತಗೊಳ್ಳೋದು ಬೇಡ, ಔಷಧದ ಮಟ್ಟ ಏರಿಳಿಯುತ್ತೆ. ಇಆರ್, ಎಕ್ಸ್‌ಆರ್ ಅಂತ ಬರೆದಿರೋ ಮಾತ್ರೆಯನ್ನು ಕೇಳದೆ ಮುರಿಯಬೇಡಿ. ನಮ್ಮಲ್ಲಿ ಎಸಿಟಲೋಪ್ರಾಮ್ ಜೊತೆ ಕ್ಲೊನಾಜೆಪಾಮ್ ಸೇರಿಸಿದ ಒಂದೇ ಮಾತ್ರೆಯೂ ಇದೆ. ಅದನ್ನು ದಿಢೀರ್ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಸ್ಟ್ರಿಪ್ ತಿರುಗಿಸಿ ಓದಿ.

ಆದರೆ ಇದು ಬರೀ ವ್ಯಕ್ತಿಯ ಜವಾಬ್ದಾರಿಯಲ್ಲ. ಮಾತ್ರೆ ಸಿಗದೆ ತಪ್ಪಿದರೂ ವಿತ್‌ಡ್ರಾಯಲ್ ಆಗುತ್ತೆ, ದೇಹ ಕಾರಣ ಕೇಳಲ್ಲ. ಅಗತ್ಯ ಔಷಧ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ, ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತೆ. ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಅನ್ನೋ ಉತ್ತರ ಈ ಹಕ್ಕಿನ ಉಲ್ಲಂಘನೆ. ಶುರು ಮಾಡುವಾಗಲೇ ಬಿಡುವ ದಾರಿಯನ್ನೂ ವಿವರಿಸಿ ಅಂತ ವೈದ್ಯರನ್ನು ಕೇಳೋದೂ ರೋಗಿಯ ಹಕ್ಕೇ.

ಇಳಿಸುವ ಹಂತದಲ್ಲಿ ಬದುಕೇ ಬೇಡ ಅನ್ನಿಸಿದರೆ ಒಬ್ಬರೇ ಇರಬೇಡಿ. ಆಪ್ತರಿಗೆ ಹೇಳಿ, ವೈದ್ಯರ ಬಳಿ ಅಥವಾ ತುರ್ತು ಚಿಕಿತ್ಸೆಗೆ ಹೋಗಿ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಕೆಲಸ ಮಾಡುತ್ತೆ. ಕನ್ನಡದಲ್ಲೇ ಮಾತಾಡಬಹುದು.