ಇಲ್ಲದ ಕೈ ನೋಯುತ್ತಿದ್ದರೆ ಮೊದಲು ಕನ್ನಡಿ

ಮೊಣಕೈಯ ಕೆಳಗೆ ಏನೂ ಇಲ್ಲ. ಆದರೂ ಅಲ್ಲಿ ಮುಷ್ಟಿ ಬಿಗಿದಿದೆ, ಉಗುರು ಅಂಗೈಗೆ ನಾಟುತ್ತಿದೆ ಎಂದು ಕೈ ಕಳೆದುಕೊಂಡವರು ನರಳುವುದುಂಟು. ಮನೆಯವರಿಗೆ ಇದು ಹುಚ್ಚಿನಂತೆ ಕಾಣಬಹುದು. ನೋವು ಮಾತ್ರ ನಿಜವಾದದ್ದೇ. ಕೈ ಹೋದರೂ ಅದನ್ನು ಆಡಿಸುತ್ತಿದ್ದ ಮಿದುಳಿನ ಭಾಗ ಉಳಿದಿರುತ್ತದೆ. ಕತ್ತರಿಸಿದ ನರಗಳ ತುದಿಯಿಂದಲೂ ಅಡ್ಡಾದಿಡ್ಡಿ ಸಂಕೇತಗಳು ಬರುತ್ತಿರುತ್ತವೆ. ‘ಮುಷ್ಟಿ ಬಿಚ್ಚು’ ಎಂದು ಮಿದುಳು ಆಜ್ಞೆ ಕೊಡುತ್ತದೆ, ಬಿಚ್ಚಿತೆಂಬ ಉತ್ತರ ಬರುವುದೇ ಇಲ್ಲ.

ಆ ಉತ್ತರವನ್ನು ಕಣ್ಣಿನಿಂದ ಕೊಡಿಸಬಹುದೇ ಎಂದು 1990ರ ದಶಕದಲ್ಲಿ ಯೋಚಿಸಿದವರು ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನೆಲೆಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್. ಅವರ ಉಪಕರಣ ಒಂದು ಕನ್ನಡಿ, ಅಷ್ಟೇ. ಅದನ್ನು ಎದೆಯ ನೇರಕ್ಕೆ ಮೇಜಿನ ಮೇಲೆ ನಿಲ್ಲಿಸಬೇಕು. ಕನ್ನಡಿಯ ಮುಖ ಉಳಿದ ಕೈಯತ್ತ, ಮೋಟು ತೋಳು ಅದರ ಹಿಂಬದಿಗೆ. ಗಡಿಯಾರ, ಉಂಗುರ, ಬಳೆ ತೆಗೆದಿಡಿ, ಇಲ್ಲದಿದ್ದರೆ ಬಿಂಬ ಹೋದ ಕೈಯಂತೆ ಕಾಣದು. ಬಿಂಬವನ್ನೇ ನೋಡುತ್ತಾ ಮುಷ್ಟಿಯನ್ನು ನಿಧಾನವಾಗಿ ಬಿಚ್ಚಿ ಮಡಚಿ. ಇಲ್ಲದ ಕೈಯಿಂದಲೂ ಅದೇ ಚಲನೆಗೆ ಯತ್ನಿಸಬೇಕು. ಸುಮ್ಮನೆ ನೋಡುತ್ತ ಕೂತರೆ ಸಾಲದು.

ಕಾಲು, ಪಾದ ಕಳೆದುಕೊಂಡವರ ಮೇಲೆ ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಇದನ್ನು ಪರೀಕ್ಷಿಸಿದರು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ದಿನಕ್ಕೆ 15 ನಿಮಿಷ, ನಾಲ್ಕು ವಾರ. ಕನ್ನಡಿ ನೋಡಿದ ಆರೂ ಮಂದಿಗೆ ನೋವು ಇಳಿಯಿತು. ಬಟ್ಟೆ ಹೊದಿಸಿದ ಕನ್ನಡಿಯ ಮುಂದೆ ಕೂತ ಆರರಲ್ಲಿ ಒಬ್ಬರಿಗೆ ಮಾತ್ರ. ಪ್ರಯೋಗ ತೀರಾ ಸಣ್ಣದು, ಆದರೆ ವ್ಯತ್ಯಾಸ ಸಣ್ಣದಲ್ಲ.

ಎರಡೂ ಕೈ ಹೋದವರಿಗೆ ಕನ್ನಡಿ ಏನನ್ನು ತೋರಿಸೀತು? ಅಲ್ಲಿ ಕಂಪ್ಯೂಟರ್ ಬೇಕು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಸಂಶೋಧಕ ಮ್ಯಾಕ್ಸ್ ಓರ್ಟಿಸ್ ಕ್ಯಾಟಲಾನ್ ತಂಡ ಮೋಟು ತೋಳಿಗೆ ಎಲೆಕ್ಟ್ರೋಡ್ ಅಂಟಿಸಿ ಸ್ನಾಯುಗಳ ವಿದ್ಯುತ್ ಸಂಕೇತ ಹಿಡಿಯುವ ವಿಧಾನ ರೂಪಿಸಿತು. ರೋಗಿ ಯಾವ ಚಲನೆಗೆ ಯತ್ನಿಸುತ್ತಿದ್ದಾರೆಂದು ತಂತ್ರಾಂಶ ಗುರುತಿಸುತ್ತದೆ. ವೆಬ್‌ಕ್ಯಾಮ್ ಚಿತ್ರದಲ್ಲಿ ತೋಳಿಗೆ ಜೋಡಿಸಿದ ಕೈ ಹಾಗೆಯೇ ಆಡುತ್ತದೆ. ಅದೇ ಸಂಕೇತದಿಂದ ಕಾರು ಓಡಿಸುವ ಆಟವನ್ನೂ ಆಡಬಹುದು. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇರೆ ಚಿಕಿತ್ಸೆಗೆ ಬಗ್ಗದ ನೋವಿದ್ದ 14 ಮಂದಿಗೆ 12 ಬಾರಿ ಇದನ್ನು ಮಾಡಿಸಿದಾಗ ನೋವು ಒಂದು ಅಳತೆಯಲ್ಲಿ ಶೇ. 47, ಇನ್ನೊಂದರಲ್ಲಿ ಶೇ. 32 ತಗ್ಗಿತು. ಹೋಲಿಕೆಗೆ ಬೇರೆ ಗುಂಪಿರಲಿಲ್ಲ ಎಂಬುದನ್ನು ಮರೆಯಬಾರದು.

ಹಾಗಾಗಿ ಒಂದು ಕೈಯಾದರೂ ಇದ್ದರೆ ದುಬಾರಿ ಯಂತ್ರಕ್ಕಿಂತ ಮೊದಲು ಕನ್ನಡಿಯನ್ನೇ ಪ್ರಯತ್ನಿಸಿ. ಮೊದಲ ಕೆಲವು ಸಲ ಫಿಸಿಯೋಥೆರಪಿಸ್ಟ್ ಜೊತೆಗಿರಲಿ. ಕೆಲವರಿಗೆ ತಲೆ ತಿರುಗುತ್ತದೆ, ಕೆಲವರಿಗೆ ಅಳು ಬರುತ್ತದೆ; ಆಗ ನಿಲ್ಲಿಸಿ. ನೋವಿನ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ಬಿಡಬೇಡಿ.