ಗಾಜಿನ ಬೋಗುಣಿ: ಸಿರಿವಂತರಿಂದ ಸಾಮಾನ್ಯರಿಗೆ

ಗಾಜಿನ ಬೋಗುಣಿಯನ್ನು ಇಂದು ಯಾರೂ ಐಶ್ವರ್ಯವೆಂದು ಎಣಿಸುವುದಿಲ್ಲ. ಕೈಜಾರಿ ಒಡೆದರೆ ಗುಡಿಸಿ ಹಾಕಿ ಮರೆಯುತ್ತೇವೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಮೆಡಿಟರೇನಿಯನ್ ಕಡಲ ಸುತ್ತಣ ನಾಡುಗಳಲ್ಲಿ ಅದು ಸಿರಿವಂತರ ಮನೆಯ ವಸ್ತುವಾಗಿತ್ತು. ಅದು ಸಾಮಾನ್ಯರ ಮನೆ ಸೇರಿದ ಕಥೆ ಅದರ ತಯಾರಿಕೆಯ ಕಥೆಯೇ ಆಗಿದೆ.

ಗಾಜಿಗೆ ಮೂಲ ಮರಳು. ಬರಿಯ ಮರಳು ಕರಗಲು ಸುಮಾರು ೧೭೦೦ ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಂದಿನ ಕುಲುಮೆಗಳಿಗೆ ಅದು ನಿಲುಕದು. ಆದುದರಿಂದ ಈಜಿಪ್ಟಿನ ಸರೋವರಗಳಲ್ಲಿ ದೊರೆಯುವ ನೇಟ್ರನ್ ಎಂಬ ಸೋಡಾಕ್ಷಾರವನ್ನು ಮರಳಿಗೆ ಬೆರೆಸುತ್ತಿದ್ದರು. ಆಗ ಸುಮಾರು ೧೧೦೦ ಡಿಗ್ರಿಯಲ್ಲಿಯೇ ಮಿಶ್ರಣ ಕರಗುತ್ತಿತ್ತು. ಕಡಲ ಮರಳಿನಲ್ಲಿರುವ ಚಿಪ್ಪಿನ ಸುಣ್ಣದಿಂದ ಗಾಜಿಗೆ ಬಾಳಿಕೆ ಬರುತ್ತಿತ್ತು. ಕೋಬಾಲ್ಟ್ ಕೂಡಿದರೆ ಕಡುನೀಲಿ ಬಣ್ಣ. ಮರಳಿನಲ್ಲಿಯ ಕಬ್ಬಿಣದಿಂದ ತಿಳಿಹಸಿರು.

ಊದುವ ವಿದ್ಯೆ ತಿಳಿಯದಿದ್ದ ಆ ಕಾಲದಲ್ಲಿ ಬೋಗುಣಿಯನ್ನು ಮಾಡುತ್ತಿದ್ದುದು ಅಚ್ಚಿನ ಮೇಲೆ. ಮೆತ್ತಗಾದ ಗಾಜಿನ ಬಿಲ್ಲೆಯನ್ನು ಬೋರಲಾದ ಅಚ್ಚಿನ ಮೇಲಿಟ್ಟು ಕಾಯಿಸಿದರೆ ಅದು ತನ್ನ ಭಾರಕ್ಕೆ ತಾನೇ ಬಾಗಿ ಬಟ್ಟಲಿನ ಆಕಾರ ತಾಳುವುದು. ಹೊರಮೈಯಲ್ಲಿ ಏಣುಗಳುಳ್ಳ ಬೋಗುಣಿ ಬೇಕಾದರೆ, ಬಿಲ್ಲೆಯು ಬಿಸಿಯಾಗಿರುವಾಗಲೇ ಏಣುಗಳನ್ನು ಮೂಡಿಸಿ ಬಳಿಕ ಬಾಗಿಸುತ್ತಿದ್ದರು. ಮೆಲ್ಲನೆ ಆರಿಸದಿದ್ದರೆ ಗಾಜು ಸೀಳುವುದು. ಆರಿದ ಮೇಲೆ ಒಳಮೈಯನ್ನು ಉಜ್ಜಿ ನುಣುಪು ಮಾಡಬೇಕು. ಒಂದೊಂದು ಬೋಗುಣಿಗೂ ಇಷ್ಟು ಶ್ರಮವಿದ್ದುದರಿಂದ ಬೆಲೆಯೂ ಹೆಚ್ಚು.

ಕ್ರಿ. ಪೂ. ಒಂದನೆಯ ಶತಮಾನದಲ್ಲಿ ಸಿರಿಯಾ-ಪ್ಯಾಲೆಸ್ಟೈನ್ ಪ್ರದೇಶದ ಕುಶಲಿಗರು ಕರಗಿದ ಗಾಜಿಗೆ ಕೊಳವೆಯಿಂದ ಉಸಿರೂದಿ ಗುಳ್ಳೆಯೆಬ್ಬಿಸುವುದನ್ನು ಕಂಡುಕೊಂಡರು. ಜೆರುಸಲೇಮಿನ ಉತ್ಖನನದಲ್ಲಿ ದೊರೆತ ಆ ಕಾಲದ ಗಾಜಿನ ಕೊಳವೆಗಳ ಚೂರುಗಳು ಈ ವಿದ್ಯೆಯ ಮೊದಲ ಹೆಜ್ಜೆಗೆ ಸಾಕ್ಷಿ. ಊದಿದ ಪಾತ್ರೆಗೆ ಗಾಜು ಕಡಿಮೆ ಸಾಕು, ಹೊತ್ತೂ ಕಡಿಮೆ, ಉಜ್ಜುವ ಕೆಲಸವೂ ಇಲ್ಲ. ರೋಮಿನಲ್ಲಿ ಒಂದು ತಾಮ್ರದ ನಾಣ್ಯಕ್ಕೆ ಗಾಜಿನ ಬಟ್ಟಲು ಸಿಗುತ್ತದೆಂದು ಅಂದಿನ ಭೂಗೋಳಜ್ಞ ಸ್ಟ್ರಾಬೊ ಬರೆದಿದ್ದಾನೆ. ಕ್ರಿ. ಶ. ಒಂದನೆಯ ಶತಮಾನ ಮುಗಿಯುವಷ್ಟರಲ್ಲಿ ಏಣಿನ ಬೋಗುಣಿಗಳ ತಯಾರಿಕೆ ಬಹುಮಟ್ಟಿಗೆ ನಿಂತುಹೋಯಿತು. ಉಸಿರಿನ ಮುಂದೆ ಅಚ್ಚು ಸೋತಿತು.

ಆ ಬೋಗುಣಿಗಳು ನಮ್ಮ ದೇಶಕ್ಕೂ ಬಂದಿದ್ದವು. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿಯೂ, ೨೦೦೭ರಿಂದ ಅಗೆತ ನಡೆದ ಕೇರಳದ ಪಟ್ಟಣಂನಲ್ಲಿಯೂ ಏಣುಳ್ಳ ರೋಮನ್ ಬೋಗುಣಿಗಳ ಚೂರುಗಳು ದೊರೆತಿವೆ. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕ ಗ್ರಂಥವು ಮಲಬಾರಿನ ಮುಜಿರಿಸ್ ಕಡೆಯ ಬಂದರುಗಳಿಗೆ ಬರುತ್ತಿದ್ದ ಸರಕುಗಳಲ್ಲಿ ಕಚ್ಚಾ ಗಾಜನ್ನೂ ಹೆಸರಿಸಿದೆ.

ರೋಮಿನ ಬೀದಿಗಳಲ್ಲಿ ಒಡೆದ ಗಾಜಿಗೆ ಗಂಧಕ ಕೊಡುವ ವ್ಯಾಪಾರಿಗಳು ತಿರುಗುತ್ತಿದ್ದರು; ಗಾಜಿನ ಚೂರು ಮತ್ತೆ ಕುಲುಮೆ ಸೇರುತ್ತಿತ್ತು. ಹೀಗೆ ಮರುಹುಟ್ಟು ಪಡೆದವು ಎಷ್ಟೋ. ಕರಗದೆ ಮಣ್ಣಿನಲ್ಲಿ ಉಳಿದ ಕೆಲವು ಚೂರುಗಳಿಂದಲೇ ನಾವು ಆ ಹೆಸರಿಲ್ಲದ ಕುಶಲಿಗರ ಕೈಚಳಕವನ್ನು ಇಂದು ಅರಿಯುತ್ತಿದ್ದೇವೆ.