ರೈತನ ಮನೆಯಲ್ಲಿ ಗಿಡ್ಡ ತಳಿಯ ನಾಯಿಮರಿ: ಉಗ್ರಾಣದಿಂದ ಬರುವ ಅಪಾಯಗಳು

ಹಳ್ಳಿಯಲ್ಲಿ ನಾಯಿ ಸಾಕುವುದು ಹೊಸ ವಿಷಯವೇನಲ್ಲ. ಹೊಲ, ಕಣ, ಕೊಟ್ಟಿಗೆ ಕಾಯಲು ನಾಟಿ ನಾಯಿ ಹಿಂದಿನಿಂದಲೂ ಇದೆ. ಇತ್ತೀಚಿನ ವರ್ಷಗಳಲ್ಲಿ ಪಾಮೇರಿಯನ್, ಪಗ್, ಡ್ಯಾಶ್‌ಹೌಂಡ್ ಮುಂತಾದ ಗಿಡ್ಡ ತಳಿಯ ಮರಿಗಳೂ ಪೇಟೆಯಿಂದ ಹಳ್ಳಿಗೆ ಬರುತ್ತಿವೆ. ಮಕ್ಕಳ ಹಟಕ್ಕೋ, ನೆಂಟರ ಉಡುಗೊರೆಯಾಗಿಯೋ ಬಂದ ಈ ಮರಿ ನಾಟಿ ನಾಯಿಯಂತೆ ಹೊರಗೆ ಮಲಗುವುದಿಲ್ಲ. ಪಡಸಾಲೆ, ಅಡಿಗೆಮನೆ, ಉಗ್ರಾಣ ಎಲ್ಲೆಡೆ ಓಡಾಡುತ್ತದೆ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಇಂಥ ಮರಿಗೆ ಪೇಟೆಯ ಮನೆಗಿಂತ ರೈತನ ಮನೆಯೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ರೈತನ ಉಗ್ರಾಣದಲ್ಲಿರುವಷ್ಟು ವಿಷ ಪೇಟೆಯವರ ಮನೆಯಲ್ಲಿರುವುದಿಲ್ಲ.

ನಾನು ಬೇಸಾಯಶಾಸ್ತ್ರದವನು, ಪಶುವೈದ್ಯನಲ್ಲ. ಮರಿಯ ಲಸಿಕೆ, ಜಂತುಹುಳು, ಮೇವು-ಆಹಾರಗಳ ವಿಷಯವನ್ನು ಪಶುವೈದ್ಯರಿಂದಲೇ ಕೇಳಿ ತಿಳಿಯತಕ್ಕದ್ದು. ಆದರೆ ಇಲಿ ಪಾಷಾಣ, ಬಸವನಹುಳುವಿನ ಗುಳಿಗೆ, ಬೆಲ್ಲ ಬೆರೆಸಿದ ವಿಷಪಾಷಾಣ ಇವುಗಳನ್ನು ಬಳಸಿರೆಂದು ರೈತರಿಗೆ ಹೇಳುವವರು ನಮ್ಮಂಥವರೇ. ಅವು ಹೊಲದಿಂದ ಮನೆಯೊಳಕ್ಕೆ ಬಂದಾಗ ಏನಾಗುತ್ತದೆಂಬುದನ್ನೂ ನಾವೇ ಹೇಳಬೇಕಾಗುತ್ತದೆ.

ತೂಕದ ಲೆಕ್ಕ

ಯಾವುದೇ ವಿಷದ ಪರಿಣಾಮ ಪ್ರಾಣಿಯ ತೂಕವನ್ನು ಅವಲಂಬಿಸಿರುತ್ತದೆ. ಬೆಳೆದ ನಾಟಿ ನಾಯಿ ಸುಮಾರು 15 ಕಿ.ಗ್ರಾಂ ತೂಗಿದರೆ, ಎರಡು ತಿಂಗಳ ಪಾಮೇರಿಯನ್ ಮರಿ ತೂಗುವುದು ಹೆಚ್ಚುಕಡಿಮೆ ಒಂದು ಕಿಲೋ. "ನಮ್ಮ ಹಳೆಯ ನಾಯಿ ಹದಿನಾಲ್ಕು ವರ್ಷ ಇದೇ ಮನೆಯಲ್ಲಿ ಬದುಕಿತು, ಏನೂ ಆಗಲಿಲ್ಲ" ಎಂಬ ಧೈರ್ಯ ಈ ಮರಿಯ ವಿಷಯದಲ್ಲಿ ಸಲ್ಲದು.

ಜಿಂಕ್ ಫಾಸ್ಫೈಡ್ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹೊಲದ ಇಲಿಗಳಿಗೆ 96 ಭಾಗ ನುಚ್ಚು, 2 ಭಾಗ ಅಡಿಗೆ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡ್ ಬೆರೆಸಿ, ಬಿಲವೊಂದಕ್ಕೆ 10 ಗ್ರಾಂನಂತೆ ಕಾಗದದ ಪೊಟ್ಟಣದಲ್ಲಿ ಇಡಬೇಕೆಂಬುದು ರೈತರಿಗೆ ಪರಿಚಿತವಾದ ಶಿಫಾರಸು. ಇಂಥ ಒಂದು ಗ್ರಾಂ ನುಚ್ಚಿನಲ್ಲಿ 20 ಮಿ.ಗ್ರಾಂ ವಿಷವಿರುತ್ತದೆ. ನಾಯಿಗೆ ಪ್ರತಿ ಕಿಲೋ ತೂಕಕ್ಕೆ ಸುಮಾರು 40 ಮಿ.ಗ್ರಾಂ ಮಾರಕ. ಅಂದರೆ ಒಂದು ಕಿಲೋ ಮರಿಗೆ ಎರಡು ಗ್ರಾಂ ನುಚ್ಚು, ಎಂದರೆ ಅರ್ಧ ಚಮಚೆಯಷ್ಟು, ಸಾಕು. ಒಂದೇ ಪೊಟ್ಟಣದಲ್ಲಿ ಇಂಥ ಐದು ಮರಿಗಳನ್ನು ಕೊಲ್ಲುವಷ್ಟು ವಿಷವಿದೆ. ಎಣ್ಣೆ ಸವರಿದ ನುಚ್ಚನ್ನು ಇಲಿಯಷ್ಟೇ ಆಸೆಯಿಂದ ನಾಯಿಯೂ ತಿನ್ನುತ್ತದೆ.

ಆದ್ದರಿಂದ ಜಿಂಕ್ ಫಾಸ್ಫೈಡನ್ನು ಹೊಲದ ಬಿಲಗಳಿಗೇ ಮೀಸಲಿಡಿ. ಮನೆಯೊಳಗೆ ಎಂದೂ ಬೇಡ. ಹಿಂದಿನ ಸಂಜೆ ಬಿಲಗಳ ಬಾಯಿ ಮುಚ್ಚಿ, ಮರುದಿನ ತೆರೆದಿರುವ ಬಿಲಗಳಲ್ಲಿ ಮಾತ್ರ ಪೊಟ್ಟಣವನ್ನು ಒಳಕ್ಕೆ ತಳ್ಳಿ ಮಣ್ಣು ಮುಚ್ಚಬೇಕು. ಸತ್ತ ಇಲಿಗಳನ್ನು ಹುಡುಕಿ ಆಳವಾಗಿ ಹೂಳಬೇಕು. ಪಾಷಾಣ ಬೆರೆಸಿದ ತಟ್ಟೆ, ಕೋಲು ಅಂಗಳಕ್ಕೆ ಹಿಂತಿರುಗಬಾರದು. ಉಳಿದದ್ದನ್ನು "ನಾಳೆಗಾದೀತು" ಎಂದು ಜಗಲಿಯ ಮೂಲೆಯಲ್ಲಿ ಇಡುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು.

ಮನೆಯೊಳಗೆ ಬಳಸುವ ಬ್ರೋಮಡಯೋಲೋನ್ ಬಿಲ್ಲೆಗಳಲ್ಲಿ ವಿಷದ ಪ್ರಮಾಣ ಶೇ. 0.005 ಮಾತ್ರ. ಒಮ್ಮೆ ಕಚ್ಚಿದ ಮಾತ್ರಕ್ಕೆ ಮರಿ ಸಾಯುವುದಿಲ್ಲವೆಂಬುದು ನಿಜ. ಆದರೆ ಇದರ ಮೋಸ ಬೇರೆ ಬಗೆಯದು. ಈ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ಲಕ್ಷಣಗಳು ಕಾಣಿಸುವುದು ಮೂರರಿಂದ ಐದು ದಿನಗಳ ಮೇಲೆ. ಅಷ್ಟರಲ್ಲಿ ಮರಿ ಬಿಲ್ಲೆ ಕಡಿದದ್ದು ಮನೆಯವರಿಗೆ ಮರೆತುಹೋಗಿರುತ್ತದೆ. ಒಸಡು ಬಿಳಿಚುವುದು, ಮೂಗಿನಿಂದ ರಕ್ತ, ಸಗಣಿಯಂತೆ ಕಪ್ಪಾದ ಮಲ, ಏದುಸಿರು ಕಂಡರೆ ತಡಮಾಡಬಾರದು. ಇದಕ್ಕೆ ವಿಟಮಿನ್ ಕೆ-1 ಎಂಬ ಒಳ್ಳೆಯ ಮದ್ದಿದೆ, ಆದರೆ ಅದನ್ನು ಕೆಲವು ವಾರ ಬಿಡದೆ ಕೊಡಬೇಕಾಗುತ್ತದೆ. ಎರಡು ದಿನದಲ್ಲಿ ಮರಿ ಚೇತರಿಸಿಕೊಂಡಿತೆಂದು ಮದ್ದು ನಿಲ್ಲಿಸಬಾರದು. ಬಿಲ್ಲೆಯನ್ನು ಇಡಲೇಬೇಕಾದರೆ ತಂತಿಯಲ್ಲಿ ಪೋಣಿಸಿ, ಇಲಿ ಮಾತ್ರ ನುಸುಳುವಷ್ಟು ಸಣ್ಣ ಬಾಯಿಯ ಪೆಟ್ಟಿಗೆಯೊಳಗೆ ಬಿಗಿಯಿರಿ. ಮರಿ ಚಿಕ್ಕದಿರುವಷ್ಟು ಕಾಲ ವಿಷವನ್ನೇ ಬಿಟ್ಟು ಬೋನು ಇಡುವುದು ಇನ್ನೂ ಮೇಲು.

ರುಚಿಯಾಗಿ ತೋರುವ ವಿಷಗಳು

ಅಡಿಕೆ, ಕಾಫಿ, ವೀಳ್ಯದೆಲೆ, ತರಕಾರಿ ಬೆಳೆಗಾರರು ಮಳೆಗಾಲದಲ್ಲಿ ಬಸವನಹುಳುವಿಗೆ ಮೆಟಾಲ್ಡಿಹೈಡ್ ಗುಳಿಗೆ ಎರಚುತ್ತಾರೆ. ಈ ಗುಳಿಗೆಗಳನ್ನು ಹುಳುಗಳನ್ನು ಸೆಳೆಯುವ ತೌಡಿನಂಥ ಪದಾರ್ಥದಿಂದ ಮಾಡಿರುವುದರಿಂದ ನಾಯಿಗಳೂ ಅವನ್ನು ತಿಂಡಿಯೆಂದೇ ಮೂಸುತ್ತವೆ. ಶೇ. 2.5ರ ಗುಳಿಗೆ ನಾಲ್ಕು ಗ್ರಾಂ ತಿಂದರೂ ಒಂದು ಕಿಲೋ ಮರಿಯ ಪ್ರಾಣಕ್ಕೆ ಅಪಾಯ. ತಿಂದ ಕೆಲವೇ ಗಂಟೆಗಳಲ್ಲಿ ಮೈ ನಡುಗಿ, ಸೆಟೆದು, ಜ್ವರ ವಿಪರೀತ ಏರುತ್ತದೆ. ಮನೆಯ ಹಿತ್ತಲಿಗೆ ಗುಳಿಗೆ ಬೇಡ. ಒದ್ದೆ ಗೋಣಿಚೀಲ, ಪಪ್ಪಾಯಿ ಎಲೆ ಹಾಸಿ ಬೆಳಿಗ್ಗೆ ಹುಳುಗಳನ್ನು ಆಯ್ದು ಉಪ್ಪುನೀರಿಗೆ ಹಾಕಿದರೆ ಹಿತ್ತಲಿನ ಮಟ್ಟಿಗೆ ಸಾಕು.

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಫಾಲ್ ಸೈನಿಕ ಹುಳು ಪತ್ತೆಯಾದ ನಂತರ ಇನ್ನೊಂದು ವಿಷಪಾಷಾಣ ರೈತರ ಅಂಗಳಕ್ಕೆ ಬಂದಿದೆ. 10 ಕಿಲೋ ಅಕ್ಕಿ ತೌಡು, 2 ಕಿಲೋ ಬೆಲ್ಲವನ್ನು ಎರಡು-ಮೂರು ಲೀಟರ್ ನೀರಿನಲ್ಲಿ ಕಲಸಿ, 24 ಗಂಟೆ ಹುಳಿಯಲು ಬಿಟ್ಟು, ಬಳಸುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಬೆರೆಸುವ ವಿಧಾನವಿದು. ಹುಳಿದ ಬೆಲ್ಲದ ವಾಸನೆ ನಾಯಿಮರಿಗೂ ಪ್ರಿಯ. ವಿಷ ಬೆರೆಸುವ ಮೊದಲೇ ನೆಕ್ಕಿದರೂ, ಹುಳಿತದಿಂದ ಉಂಟಾದ ಮದ್ಯಸಾರ ಅಷ್ಟು ಚಿಕ್ಕ ಮರಿಗೆ ಒಳ್ಳೆಯದಲ್ಲ. ಪಾತ್ರೆಗೆ ಮುಚ್ಚಳ ಹಾಕಿ ಮೇಲೆ ಕಲ್ಲು ಹೇರಿ. ಥಯೋಡಿಕಾರ್ಬನ್ನು ಹೊಲದಲ್ಲಿಯೇ ಬೆರೆಸಿ.

ಹರಳಿನ ಹಿಂಡಿಯ ಬಗ್ಗೆ ಎಚ್ಚರ ಕಡಿಮೆ, ಅದು ಸಾವಯವ ಗೊಬ್ಬರವೆಂಬ ನಂಬಿಕೆಯಿಂದ. ಹರಳು ಬೀಜದ ರಿಸಿನ್ ಎಂಬ ವಿಷ ಎಣ್ಣೆಗೆ ಹೋಗದೆ ಹಿಂಡಿಯಲ್ಲೇ ಉಳಿಯುತ್ತದೆ. ಗುಲಾಬಿ ಕುಂಡಗಳಿಗೆ ಇದನ್ನು ಮೂಳೆಪುಡಿಯೊಡನೆ ಹಾಕಿದರೆ, ಮೂಳೆಯ ವಾಸನೆಗೆ ಮರಿ ಕುಂಡವನ್ನೇ ಕೆದಕಿ ತಿನ್ನುತ್ತದೆ. ವಾಂತಿ, ರಕ್ತಭೇದಿ ಶುರುವಾಗುತ್ತದೆ. ಈ ವಿಷಕ್ಕೆ ಪ್ರತಿವಿಷವಿಲ್ಲ. ಮರಿಯಿರುವ ಮನೆಯ ಕುಂಡಗಳಿಗೆ ಕಾಂಪೋಸ್ಟ್ ಹಾಕಿದರೆ ಗುಲಾಬಿಗೇನೂ ನಷ್ಟವಿಲ್ಲ. ಅಂದಹಾಗೆ, ಎಲ್ಲರೂ ಹೆದರುವ ಯೂರಿಯಾ ಮೆಲುಕು ಹಾಕುವ ದನಗಳಿಗೆ ಮಾರಕವೇ ಹೊರತು ನಾಯಿಗೆ ಅಷ್ಟು ಅಲ್ಲ.

ಸಿಂಪಡಣೆ ಮುಗಿಸಿ ಬಂದವರ ಕಾಲನ್ನು ಮರಿ ನೆಕ್ಕಲು ಓಡಿಬರುತ್ತದೆ. ಸ್ನಾನವಾಗುವವರೆಗೆ ಅದನ್ನು ಹತ್ತಿರ ಬಿಡಬೇಡಿ. ಸಿಂಪರಣಾ ಯಂತ್ರ ತೊಳೆದ ನೀರು ಅಂಗಳದಲ್ಲಿ ನಿಲ್ಲದಿರಲಿ. ಉಗ್ರಾಣದ ಹೊಸ್ತಿಲಿಗೆ ಎರಡಡಿ ಎತ್ತರದ ಹಲಗೆ ಅಡ್ಡವಿಟ್ಟರೆ ಮರಿ ಒಳಹೋಗದು. ಅಂಬೆಗಾಲಿಡುವ ಮಗುವಿಗೂ ಅದೇ ತಡೆ.

ದನದ ಮದ್ದು ಮರಿಗೆ ಬೇಡ

ಉಣ್ಣೆ ಕಂಡೊಡನೆ ಕೊಟ್ಟಿಗೆಯ ಮದ್ದನ್ನೇ ಮರಿಗೂ ಹಾಕುವವರಿದ್ದಾರೆ. ದನಗಳಿಗೆ ಕೊಡುವ ಶೇ. 1ರ ಐವರ್‌ಮೆಕ್ಟಿನ್ ಚುಚ್ಚುಮದ್ದಿನ ಪ್ರಮಾಣ 50 ಕಿಲೋ ತೂಕಕ್ಕೆ ಒಂದು ಮಿ.ಲೀ. ಒಂದು ಕಿಲೋ ಮರಿಗೆ ಅರ್ಧ ಮಿ.ಲೀ. ಕೊಟ್ಟರೂ ಅದು ಆ ಲೆಕ್ಕದ ಇಪ್ಪತ್ತೈದು ಪಟ್ಟಾಯಿತು. ದನದ ಉಣ್ಣೆಗೆ ಬಳಸುವ ಅಮಿತ್ರಾಜ್ ದ್ರಾವಣವನ್ನು ನಾಲ್ಕು ತಿಂಗಳೊಳಗಿನ ಮರಿಗೆ ಹಚ್ಚಲೇಬಾರದು. ಪಶುವೈದ್ಯರು ಮರಿಯನ್ನು ತೂಗಿ ಕೊಟ್ಟ ಮದ್ದನ್ನು ಮಾತ್ರ ಬಳಸಿ. ಅಲ್ಲಿಯವರೆಗೆ ಉಣ್ಣೆಯನ್ನು ಚಿಮಟದಿಂದ ಕೀಳುವುದೇ ಲೇಸು.

ಅಡಿಗೆಮನೆಯಲ್ಲಿ

ಈರುಳ್ಳಿ, ಚಾಕೊಲೇಟ್, ಕಾಫಿಪುಡಿ ನಾಯಿಗೆ ಆಗವು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ. ವಿಜಯಪುರದ ಕಡೆ ಒಣದ್ರಾಕ್ಷಿ ಮಾಡುವ ರೈತರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಮೆರಿಕದ ಪಶುವೈದ್ಯರು 2022ರಲ್ಲಿ ಪ್ರಕಟಿಸಿದ ವರದಿಯೊಂದರ ಪ್ರಕಾರ ಹುಣಿಸೆಹಣ್ಣು ತಿಂದ ನಾಯಿಗಳಲ್ಲೂ ಇದೇ ತೊಂದರೆ ಕಂಡಿದೆ. ಎರಡರಲ್ಲೂ ಇರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಅವರ ಊಹೆ. ಹುಣಿಸೆ ಬಿಡಿಸುವ ಕಾಲದಲ್ಲಿ ಮರಿಯನ್ನು ಕಟ್ಟಿಹಾಕಿ.

ಗಿಡ್ಡ ತಳಿಯ ಮರಿ ಹೊತ್ತು ಮೀರಿ ಹಸಿದರೆ ರಕ್ತದ ಸಕ್ಕರೆ ಕುಸಿದು ತೂರಾಡಿ ಬೀಳುವುದುಂಟು. ಇದನ್ನು ವಿಷವೆಂದು ಭ್ರಮಿಸುವವರೂ ಇದ್ದಾರೆ. ದಿನಕ್ಕೆ ಮೂರು-ನಾಲ್ಕು ಸಲ ಸ್ವಲ್ಪಸ್ವಲ್ಪವೇ ಉಣಿಸಬೇಕು. ತೂರಾಡಿದರೆ ಒಸಡಿಗೆ ಜೇನುತುಪ್ಪ ಸವರಿ ವೈದ್ಯರಲ್ಲಿಗೆ ಹೊರಡಿ. ನೀರಿನ ಸಂಪಿಗೆ ಮುಚ್ಚಳ, ನೆಲಕ್ಕಿಳಿದ ವಿದ್ಯುತ್ ತಂತಿಗೆ ಕೊಳವೆ ಇವು ಹೇಗೂ ಬೇಕಾದವೇ.

ವಿಷ ತಿಂದರೆ

ಉಪ್ಪುನೀರು, ಹುಣಿಸೆನೀರು, ಹಾಲು, ಎಣ್ಣೆ ಕುಡಿಸುವುದು ನಮ್ಮಲ್ಲಿ ರೂಢಿ. ಇವು ಯಾವುವೂ ಬೇಡ. ಹುಣಿಸೆಯ ವಿಷಯ ಮೇಲೆಯೇ ಹೇಳಿದೆ. ಉಪ್ಪು ಹೆಚ್ಚಾದರೆ ಅದೇ ಇನ್ನೊಂದು ವಿಷ. ಜಿಂಕ್ ಫಾಸ್ಫೈಡ್ ತಿಂದಿದ್ದರೆ ಆಹಾರ ಕೊಡುವುದರಿಂದ ಹೊಟ್ಟೆಯ ಆಮ್ಲ ಹೆಚ್ಚಿ ಫಾಸ್ಫೀನ್ ಅನಿಲ ಇನ್ನೂ ಬೇಗ ಉತ್ಪತ್ತಿಯಾಗುತ್ತದೆ. ಮರಿಯ ವಾಂತಿಯಲ್ಲಿ ಬೆಳ್ಳುಳ್ಳಿಯಂಥ ಅಥವಾ ಕೊಳೆತ ಮೀನಿನಂಥ ವಾಸನೆ ಬಂದರೆ ಅದೇ ಅನಿಲ. ಮನುಷ್ಯರಿಗೂ ಅಪಾಯವಾದ್ದರಿಂದ ಕಿಟಕಿ ತೆರೆದಿಡಿ, ಗಾಡಿಯಲ್ಲಿ ಒಯ್ಯುವಾಗಲೂ ಗಾಜು ಇಳಿಸಿರಿ.

ಜೊಲ್ಲು ಸುರಿಸಿ, ಕಣ್ಣಾಲಿ ಕಿರಿದಾಗಿ, ಮೈ ಅದುರುತ್ತಿದ್ದರೆ ಥಯೋಡಿಕಾರ್ಬ್ ಅಥವಾ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕವನ್ನು ಶಂಕಿಸಬೇಕು. ಪಶುವೈದ್ಯರು ಇದಕ್ಕೆ ಅಟ್ರೋಪಿನ್ ಕೊಡುತ್ತಾರೆ. ಅವರಿಗೆ ಬೇಕಾದದ್ದು ವಿಷದ ಹೆಸರು, ತಿಂದ ಪ್ರಮಾಣ ಮತ್ತು ಹೊತ್ತು. ಆದ್ದರಿಂದ ಖಾಲಿ ಪೊಟ್ಟಣವನ್ನೋ ಡಬ್ಬಿಯನ್ನೋ ಮರಿಯ ಜೊತೆಯಲ್ಲೇ ಒಯ್ಯಿರಿ. ಕೀಟನಾಶಕವನ್ನು ಬೇರೆ ಸೀಸೆಗೆ ಬಗ್ಗಿಸಿಟ್ಟು ಹೆಸರು ತಿಳಿಯದಂತಾಗಿದ್ದರೆ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಹತ್ತಿರದ ಪಶು ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಉಗ್ರಾಣದ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ.